ನಮ್ಮ ಮನಿ ಉಳಿದದ್ದು

ಬೀರಪ್ಪನನ್ನು ನಂಬಿದ ಬಂಧುಗಳೇ, ಕಳೆದ ಶ್ರಾವಣದ ಒಂದು ಮಧ್ಯಾಹ್ನ ನಮ್ಮ ಬೆಕ್ಕು ನನ್ನ ಕಣ್ಣೆದುರೇ ಕುತ್ತಿಗೆಯಿಂದ ನೇತಾಡಿತು.

ಬೆಕ್ಕಿನ ಹೆಸರು ಮನಿ. ಮರಾಠಿಯವರು ಬೆಕ್ಕನ್ನು ಹಾಗೆ ಕರೆಯುತ್ತಾರೆ, ನಮ್ಮ ಕನ್ನಡದಲ್ಲಿ ಮನಿ ಎಂದರೆ ವಾಸದ ಮನೆ. ಗಡಿಯಲ್ಲಿರುವ ನಮ್ಮೂರು ಕಾಸಾರಶಿರಸಿಯಲ್ಲಿ ಎರಡೂ ಭಾಷೆ ಒಂದೇ ತಾಟಿನಲ್ಲಿ ಉಣ್ಣುವುದರಿಂದ ಯಾರಿಗೂ ತೊಡಕಾಗಿರಲಿಲ್ಲ. ನನಗೆ ಮಕ್ಕಳಿಲ್ಲ. ನನ್ನ ತೊಡೆಯ ಮೇಲೆ ಮಲಗುವ ಜೀವ ಅದೊಂದೇ.

ಬೇಸಿಗೆಯಲ್ಲಿ ಯಾರೋ ಅದನ್ನು ಬೀದಿ ಬೆಕ್ಕೆಂದು ತಿಳಿದು ಚೀಲಕ್ಕೆ ತುಂಬಿ ನಿಲಂಗಾ ರಸ್ತೆಗೆ ಬಿಟ್ಟು ಬಂದಿದ್ದರು. ಸೊರಗಿ, ಕುಂಟುತ್ತ ವಾಪಸಾಯಿತು. ಸಾಕಿದ ಬೆಕ್ಕೆಂದು ಗೊತ್ತಾಗಲು ಕೊರಳಿಗೆ ಏನಾದರೂ ಇರಲಿ ಎಂದು ನಾನು ಬಸ್ಸು ಹತ್ತಿ ಉಮರ್ಗಾಕ್ಕೆ ಹೋಗಿ ಗೆಜ್ಜೆಯಿದ್ದ ಕೆಂಪು ನೈಲಾನ್ ಪಟ್ಟಿ ತಂದು ಕಟ್ಟಿದೆ. ದೇವಣಿ ಎತ್ತು ಜಗ್ಗಿದರೂ ಹರಿಯುವುದಿಲ್ಲ ಎಂದು ಅಂಗಡಿಯವನು ಆಣೆ ಮಾಡಿದ್ದ. ಅದಕ್ಕೇ ಮರುಳಾದೆ.

ಶ್ರಾವಣದ ಮುಂಚಿನ ಅಮಾವಾಸ್ಯೆ ಬಂತು. ನಮ್ಮಲ್ಲಿ ಆ ದಿನ ಗುಡಿಯಿಂದ ಭಂಡಾರದ ಅರಿಶಿನ ಹಚ್ಚಿದ ಉಣ್ಣೆ ಎಳೆ ತಂದು ಮನೆಮಂದಿಗೆಲ್ಲ ಕಂಕಣ ಕಟ್ಟುತ್ತೇವೆ. ಅತ್ತೆ ಟಗರಿಗೂ ನಾಯಿಗೂ ಕಟ್ಟಿ ಮುಗಿಸಿ ಮನಿಯನ್ನು ಹಿಡಿದುಕೊಂಡರು. ದೇವರ ಕಂಕಣವಿದ್ದ ಕೊರಳಿಗೆ ಪೇಟೆಯ ಪಟ್ಟಿ ಕೂಡದು ಎಂದು ಅದನ್ನು ಬಿಚ್ಚಿ ಉಣ್ಣೆ ಎಳೆ ಕಟ್ಟಿದರು.

"ಬೆಕ್ಕಿಗಿ ಎತ್ತಿನ ಹಗ್ಗ ಯಾಕವಾ? ಆಕಿ ಏನ್ ಹೊಲದಾಗ ರಂಟಿ ಹೊಡೀತಾಳೇನು?" ಎಂದು ನಕ್ಕರು.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಪಟ್ಟಿಯನ್ನು ಗೂಟಕ್ಕೆ ಎಸೆದು, ಈ ಜೊಳ್ಳು ದಾರ ಎಷ್ಟು ದಿನ ಬಾಳೀತು ಎಂದು ಗೊಣಗಿದೆ. ಕಂಕಣ ತಾನಾಗಿ ಹರಿದರೆ ಕೇಡು ಎಂಬ ಭಯ ಬೇರೆ. ಬೀರಪ್ಪಾ, ಹರಿಯದ ಹಾಗೆ ನೋಡಿಕೋ ಎಂದು ದಿನಾ ಬೇಡಿಕೊಂಡೆ.

ವಾರ ಕಳೆದಿರಲಿಲ್ಲ. ನಾನು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮನಿ ಗುಬ್ಬಿಯ ಹಿಂದೆ ಛಾವಣಿಯ ತಗಡಿನಿಂದ ಹಾರಿತು. ಗೋಡೆಯಿಂದ ಹೊರಚಾಚಿದ್ದ ಕಬ್ಬಿಣದ ಸಳಿಗೆ ಕಂಕಣ ಸಿಕ್ಕಿ, ನಾಲ್ಕೂ ಕಾಲು ಗಾಳಿಯಲ್ಲಿ ಒದ್ದಾಡತೊಡಗಿದವು. ಕೂಗಲೂ ಅದಕ್ಕೆ ಉಸಿರಿಲ್ಲ. ನನ್ನ ಕೈಗೆ ನಿಲುಕದಷ್ಟು ಎತ್ತರ. ಓಣಿಗೆಲ್ಲ ಕೇಳುವಂತೆ ಕೂಗಿದೆ.

"ಬೀರಪ್ಪಾ, ನಮ್ಮ ಮನಿ ಉಳಸೋ! ನಮ್ಮ ಮನಿ ಹೋತರ್ಯೋ!"

ಆ ಕ್ಷಣದಲ್ಲೇ ದಾರ ಹರಿಯಿತು. ಮನಿ ಮೇವಿನ ಕಣಿಕೆಯ ರಾಶಿಯ ಮೇಲೆ ಬಿದ್ದು, ಕೆಮ್ಮಿ, ಒಳಗೆ ಓಡಿತು. ಹಿಂದೆಯೇ ಓಣಿಯವರು ಕೊಡ ಬಕೀಟುಗಳಲ್ಲಿ ನೀರು ಹೊತ್ತು ನುಗ್ಗಿದರು. ನಮ್ಮ ಮನೆಗೆ ಬೆಂಕಿ ಬಿದ್ದಿದೆ ಎಂದು ತಿಳಿದಿದ್ದರು. ನಾನು ಅಲ್ಲೇ ಕೂತು ಅಳತೊಡಗಿದೆ. ಮನಿ ಉಳಿದಿತ್ತು, ಆದರೆ ದೇವರ ಕಂಕಣ ಹರಿದಿತ್ತಲ್ಲ.

ಅತ್ತೆ ಹರಿದ ಎಳೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡರು. "ಅಳಬ್ಯಾಡ. ಮನಿ ಮ್ಯಾಲಿನ ಗಂಡಾಂತರ ಇದು ತಗೊಂಡು ಹೋತು," ಎಂದರು.

ಮಂದಿ ಹೋದ ಮೇಲೆ ನನಗೇನನ್ನಿಸಿತೋ, ಗೂಟದಲ್ಲಿದ್ದ ಕೆಂಪು ಪಟ್ಟಿಗೆ ಮನಿಯಷ್ಟೇ ಭಾರದ ಜೋಳದ ಗಂಟು ಕಟ್ಟಿ, ಏಣಿ ಹಾಕಿ ಅದೇ ಸಳಿಗೆ ನೇತುಹಾಕಿದೆ. ಜಗ್ಗಿದೆ, ಜೋತುಬಿದ್ದೆ. ಅಂಗಡಿಯವನು ಸುಳ್ಳಾಡಿರಲಿಲ್ಲ. ಗಂಟು ಸಂಜೆಯವರೆಗೂ ಗಾಳಿಗೆ ತೂಗುತ್ತಲೇ ಇತ್ತು. ಅದನ್ನು ನೋಡಿದವಳಿಗೆ ಅಂದು ಅನ್ನ ಇಳಿಯಲಿಲ್ಲ.

ಮರುದಿನ ಮನಿಯನ್ನು ಬುಟ್ಟಿಯಲ್ಲಿಟ್ಟು, ಮೇಲೆ ಸೀರೆ ಕಟ್ಟಿ, ಬಸ್ಸಿನಲ್ಲಿ ಉಮರ್ಗಾದ ದನದ ದವಾಖಾನೆಗೆ ಒಯ್ದೆ. ಡಾಕ್ಟರು ಕೊರಳು ಮುಟ್ಟಿ ನೋಡಿ ಏನೂ ಆಗಿಲ್ಲ ಎಂದರು. ಕೆಂಪು ಪಟ್ಟಿಯನ್ನೂ ತೋರಿಸಿದೆ. ಬೆಕ್ಕು ಹತ್ತುವ ಹಾರುವ ಪ್ರಾಣಿ, ಅದರ ಪಟ್ಟಿ ಜಗ್ಗಿದರೆ ಬಿಚ್ಚಿಕೊಳ್ಳಬೇಕು, ಒಳಗೆ ಎರಡು ಬೆರಳು ಆಡಬೇಕು, ನೀವು ತಂದದ್ದು ನಾಯಿಯದು ಎಂದು ಮರಾಠಿಯಲ್ಲಿ ತಿಳಿಹೇಳಿದರು. ನಾನು ಸೆರಗಿನಲ್ಲಿ ಗಂಟು ಹಾಕಿದ್ದ ಹರಿದ ಎಳೆಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡೆ.

ಬಂಧುಗಳೇ, ಹರಿಯದಿರಲಿ ಎಂದು ನಾನು ವಾರವಿಡೀ ಬೇಡಿದ್ದನ್ನು ಬೀರಪ್ಪ ನಡೆಸಿಕೊಟ್ಟಿದ್ದರೆ ಇಂದು ನನ್ನ ತೊಡೆ ಬರಿದಾಗಿರುತ್ತಿತ್ತು. ಅವನು ಆ ಬೇಡಿಕೆಯನ್ನು ಬದಿಗಿಟ್ಟು ಕೊನೆಯ ಒಂದು ಕೂಗನ್ನು ಕೇಳಿದ. ಅವನ ಪಾದಕ್ಕೆ ನನ್ನ ಶರಣು.

ಈಗ ಪ್ರತಿ ಅಮಾವಾಸ್ಯೆಗೆ ಮನಿಗೆ ಹೊಸ ಕಂಕಣ. ಕಟ್ಟುವ ಮೊದಲು ಅದೇ ಉಣ್ಣೆಯ ಉಂಡೆಯಿಂದ ಒಂದು ಎಳೆ ಜಗ್ಗಿ ಹರಿದು ನೋಡುತ್ತೇನೆ, ಕಟ್ಟಿದ ಮೇಲೆ ಎರಡು ಬೆರಳು ತೂರಿಸುತ್ತೇನೆ. ಆಮೇಲೆ, ಬೀರಪ್ಪಾ, ನಮ್ಮ ಮನಿ ಉಳಸು ಎಂದಷ್ಟೇ ಬೇಡುತ್ತೇನೆ. ಓಣಿಯವರು ಮನೆಗೆಂದು ತಿಳಿಯುತ್ತಾರೆ. ತಿಳಿಯಲಿ, ಅದೂ ಉಳಿಯಲಿ.