ಬಡ್ಡಿ ಯಾರಿಗೆ ಹೋಗುತ್ತದೆ

ಜಮಖಂಡಿಯ ಕಾಲೇಜಿನಲ್ಲಿ ನಮಗೆ ಅರ್ಥಶಾಸ್ತ್ರ ಕಲಿಸಿದ ಮಾಸ್ತರರು ನಿವೃತ್ತರಾದ ಮೇಲೆ ಬನಹಟ್ಟಿಯಲ್ಲಿ ನಮ್ಮ ಓಣಿಯಲ್ಲೇ ಇದ್ದರು. ಮಾತು ಶುರುಮಾಡುವ ಮೊದಲು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುವುದು ಅವರ ರೂಢಿ. ದೇಶದ ಸಾಲದ ಸುದ್ದಿ ಬಂದರೆ ಅವರದು ಒಂದೇ ಮಾತು: "ಎಷ್ಟು ಅಂತ ಕೇಳಬ್ಯಾಡ್ರಿ, ಯಾತಕ್ಕ ಅಂತ ಕೇಳ್ರಿ." ರಸ್ತೆಗೆ, ಕಾಲುವೆಗೆ ತಂದ ಸಾಲ ಮುಂದೆ ದುಡಿಯುತ್ತದೆ, ಹಳೆಯ ಬಡ್ಡಿ ಕಟ್ಟಲು ತಂದದ್ದು ಬರೀ ಬೆಳೆಯುತ್ತದೆ ಎನ್ನುತ್ತಿದ್ದರು.

ಒಂದು ಸಂಜೆ ನಾನೂ ಮಾಸ್ತರರೂ ಚಹಾದಂಗಡಿಯಲ್ಲಿದ್ದಾಗ ಓಣಿಯ ನೇಕಾರನೊಬ್ಬ ಬಂದು ಕೂತ. ಸರಕಾರದ ಸಹಾಯಧನ ನಂಬಿ ಅವನು ಎರಡು ಹೊಸ ಮಗ್ಗ ಹಾಕಿಸಿದ್ದ. ಯೋಜನೆಯೇ ನಿಂತುಹೋಗಿ, ಒಂದನ್ನು ಅಂದು ಮಾರಿ ಬಂದಿದ್ದ.

"ಯಾಕ ನಿಲ್ಲಿಸಿದ್ರು ಸರ?" ಎಂದು ಮಾಸ್ತರರನ್ನು ಕೇಳಿದ.

"ಸರಕಾರದ ಸಾಲ ಬೆಳದೈತಪಾ. ಬಡ್ಡಿ ನಿಲ್ಲಸಾಕ ಬರೂದಿಲ್ಲ. ಅದಕ್ಕ ಉಳಿದದ್ದನ್ನ ನಿಲ್ಲಸ್ತಾರ."

"ಆ ಬಡ್ಡಿ ಯಾರಿಗಿ ಹೋಗತೈತ್ರಿ?"

"ಬ್ಯಾಂಕಿಗೆ, ವಿಮಾ ಕಂಪನಿಗೆ" ಎಂದು ಶುರುಮಾಡಿದ ಮಾಸ್ತರರು ಅಲ್ಲಿಗೇ ತಡೆದರು. ಆಮೇಲೆ, "ನನಗೂ ಬರತೈತಿ. ರಿಟೈರ್ ಆದಾಗ ಬಂದ ರೊಕ್ಕ ಸರಕಾರಿ ಬಾಂಡಿನ್ಯಾಗ ಇಟ್ಟೇನಿ" ಎಂದರು.

ನೇಕಾರ ತಲೆಯಾಡಿಸಿದ. "ನಿಮಗರ ಟೈಮಿಗೆ ಬರತೈತಲ್ರಿ. ಛಲೋ ಆತು ಬಿಡ್ರಿ."

ಅವನ ದನಿಯಲ್ಲಿ ಕುಹಕವಿರಲಿಲ್ಲ. ಮಾಸ್ತರರನ್ನು ತಟ್ಟಿದ್ದು ಅದೇ ಇರಬೇಕು. ಬೇರೆ ದಿನವಾಗಿದ್ದರೆ ಇನ್ನೊಂದು ತಾಸು ವಿವರಿಸುತ್ತಿದ್ದವರು, ಚಹಾ ಅರ್ಧಕ್ಕೇ ಬಿಟ್ಟು ಎದ್ದರು. "ನಡಿ, ಉಳಿದ ಮಗ್ಗ ನೋಡೂಣು" ಎಂದು ಅವನ ಜೊತೆ ಹೊರಟರು.