ಅಕ್ಕೋರ ತಾಟು, ನನ್ನ ಬಾವಿ

ಅಕ್ಕೋರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ನೀಲಿ ಬಣ್ಣ ಇರುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಇಲ್ಲದ ಊರುಗಳಿಗೆ ನದಿ ಬರೆದು ಬರೆದು ಹತ್ತಿದ ಬಣ್ಣ ಅದು.

ವಿಜಯಪುರದಲ್ಲಿ ನಮ್ಮ ಮನೆಯ ಎದುರೇ ಅವರ ಮನೆ. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿದ್ದರು, ಹೀಗಾಗಿ ಓಣಿಗೆಲ್ಲ ಅಕ್ಕೋರು. ಭಾನುವಾರ ಮಧ್ಯಾಹ್ನ ನನ್ನ ಮೊಮ್ಮಕ್ಕಳು ನೀವಿಬ್ಬರೂ ಅಲ್ಲಿಗೆ ಆಡಲು ಓಡುತ್ತಿದ್ದಿರಿ. ಅಕ್ಕೋರು ನಕಾಶೆ ಬರೆದು ಒಂದು ಲೋಕವನ್ನು ಕಟ್ಟಿ ಹೇಳುವರು. ನೀವು ಅದರೊಳಗಿನ ಬೇಟೆಗಾರರೋ ಮಂತ್ರವಾದಿಗಳೋ ಆಗಿ, ಮುಂದೇನು ಮಾಡುತ್ತೀರೆಂದು ಹೇಳುವಿರಿ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುವುದು; ಅಂಕಿ ದೊಡ್ಡದಾದಷ್ಟೂ ಗೆಲುವು. ಆ ದಾಳವನ್ನು ಅವರು ಸ್ಟೀಲಿನ ತಾಟಿನಲ್ಲೇ ಉರುಳಿಸುತ್ತಿದ್ದರು. “ಸಪ್ಪಳಾ ಆಗಬೇಕ್ರಿ, ಅಂದ್ರ ಎದಿ ಝಲ್ ಅಂತೈತಿ” ಎನ್ನುವರು.

ನಿಮ್ಮನ್ನು ಕರೆಯಲು ಹೋದವಳು ನಾನು ಹೊಸ್ತಿಲಲ್ಲೇ ನಿಲ್ಲುತ್ತಿದ್ದೆ. ನಿಮ್ಮ ಅಜ್ಜ ಹೋದ ಮೇಲೆ ನಿಡೋಣಿಯಿಂದ ಇಲ್ಲಿಗೆ ಬಂದಿದ್ದೆ. ಹಳ್ಳಿಯ ಶಾಲೆ ಕಲಿತವಳು, ಪಟ್ಟಣದವರ ಮುಂದೆ ಬಾಯಿ ಬರುತ್ತಿರಲಿಲ್ಲ. ಮನೆಯಲ್ಲೂ, ರಾತ್ರಿ ನಿಮಗೆ ಹೇಳುವ ಕಥೆ ಬಿಟ್ಟರೆ, ನಾಲ್ಕು ಮಾತು ಆಡಿದರೆ ಹೆಚ್ಚು. ಹೀಗೇ ಇದ್ದರೆ ಮಾತೇ ಮರೆತುಹೋದೀತು ಎಂದು ನನಗೇ ಅಂಜಿಕೆ ಹುಟ್ಟಿತ್ತು.

ಒಂದು ದಿನ ಆಟದಲ್ಲಿ ನಿಮ್ಮ ದಂಡು ಗುಹೆಯ ರಾಕ್ಷಸನ ಮುಂದೆ ಸಿಕ್ಕಿಬಿದ್ದಿತ್ತು. ಬಾಣಗಳು ಮುಗಿದಿದ್ದವು. ಅಕ್ಕೋರು ನನ್ನ ಕಡೆ ತಿರುಗಿ, “ನೀವ ಹೇಳ್ರಿ ಅಮ್ಮಾರ, ಈಗ ಏನ್ ಮಾಡೂದು?” ಎಂದರು.

“ಊಟಾ ಆಗೇತೇನು ಅಂತ ಅವನ್ನ ಕೇಳ್ರಿ ಮೊದಲ,” ಎಂದೆ. ಯಾರು ಎದುರಾದರೂ ಕೇಳುವ ಮಾತು, ಬಾಯಿಂದ ಬಂದುಬಿಟ್ಟಿತು.

“ರಾಕ್ಷಸಗ ಯಾರರ ಊಟಾ ಕೇಳ್ತಾರೇನ್ ಬೇ ಆಯಿ,” ಎಂದು ನಿಮ್ಮಲ್ಲಿ ದೊಡ್ಡವನು ಬಿದ್ದು ಬಿದ್ದು ನಕ್ಕ.

ಅಕ್ಕೋರು ನಗಲಿಲ್ಲ. ದಾಳ ಉರುಳಿಸಿ ಬಗ್ಗಿ ನೋಡಿದರು. “ಹತ್ತೊಂಬತ್ತು ಬಿತ್ತು. ರಾಕ್ಷಸ ಗದಾ ಕೆಳಗಿಟ್ಟಾನ. ಇಲ್ಲೀತನಕಾ ಅವನ್ನ ಯಾರೂ ಹಂಗ ಕೇಳಿದ್ದಿಲ್ಲಂತ.”

ಮುಂದಿನ ಆಟದ ಲೋಕವನ್ನು ನಾನೇ ಕಟ್ಟಬೇಕೆಂದು ಅವರು ಹಟ ಹಿಡಿದರು. ರೊಟ್ಟಿ ಬಡಿಯುತ್ತ ಒಂದು ಊರು ಕಟ್ಟಿದೆ. ಆ ಊರಿನ ಬಾವಿಗೆ, ಯಾರಿಗೂ ಹೇಳದ ಒಂದು ಮಾತು ಹೇಳಬೇಕು. ಆಗಲೇ ಅದು ಒಂದು ಕೊಡ ನೀರು ಕೊಡುತ್ತದೆ. ಈಗ ಊರಿನಲ್ಲಿ ಹೇಳದೆ ಉಳಿದ ಮಾತುಗಳೆಲ್ಲ ತೀರಿಹೋಗಿವೆ, ಬಾವಿ ನೀರು ಕೊಡುತ್ತಿಲ್ಲ. ಅದರಿಂದ ನೀರು ಪಡೆಯುವುದು ಹೇಗೆಂದು ಆಡುವವರೇ ಹುಡುಕಬೇಕು.

ಆ ಭಾನುವಾರ ಬಬಲೇಶ್ವರದ ಕಾಲೇಜು ಹುಡುಗಿಯರೂ ಆಡಲು ಬಂದಿದ್ದರು. ಅವರನ್ನು ಕಂಡದ್ದೇ ಎದ್ದು ಹೊರಟೆ. ಅಕ್ಕೋರು ನನ್ನ ಬದಲು ತಾವೇ ಹೇಳಬಹುದಿತ್ತು, ಹೇಳಲಿಲ್ಲ. ಒಳಗಿನಿಂದ ಒಂದು ಬುಟ್ಟಿ ಶೇಂಗಾ ತಂದು ನನ್ನ ಮುಂದಿಟ್ಟರು. “ಇವನ್ನಷ್ಟು ಸುಲದು ಕೊಡ್ರಿ. ನಮ್ಮ ಕಡೆ ನೋಡಬ್ಯಾಡ್ರಿ.”

ಸುಲಿಯುತ್ತ ಕುಳಿತೆ. ಕೈ ತನ್ನ ಪಾಡಿಗೆ ನಡೆದಂತೆ ಬಾಯಿಯೂ ನಡೆಯಿತು. ಬಾವಿ, ಬರಿಗೊಡ, ಸಾಲು ನಿಂತ ಹೆಂಗಸರು. ನಿಮಗೆ ಕಥೆ ಹೇಳಿ ಮಲಗಿಸುವ ರೂಢಿಯಲ್ಲಿ ಕೊನೆಯನ್ನೂ ಹೇಳಿಬಿಡುವವಳಿದ್ದೆ. ಅಕ್ಕೋರು ಒಂದು ಶೇಂಗಾ ನನ್ನ ಮೇಲೆ ಎಸೆದರು. “ಕಡೀದು ಹುಡುಗ್ಯಾರಿಗೆ ಬಿಡ್ರಿ. ಅವರೇನ್ ಬರೇ ಶೇಂಗಾ ತಿನ್ನಾಕ ಬಂದಾರೇನು?”

ಹೋದ ವರ್ಷ ಅಕ್ಕೋರು ತೀರಿಕೊಂಡರು. ಇದನ್ನು ನಿಮಗೆ ಬರೆಯುವ ಧೈರ್ಯವೂ ಅವರು ಕೊಟ್ಟದ್ದೇ. ಅವರನ್ನು ಮಣ್ಣು ಮಾಡಿದ ದಿನ ಅವರ ಅಂಗಳದಲ್ಲಿ ಗುರುತಿಲ್ಲದ ಹುಡುಗಿಯೊಬ್ಬಳು ನನ್ನ ಬಳಿ ಬಂದಳು.

“ಬಾವಿ ಆಟಾ ಕಟ್ಟಿದ ಅಮ್ಮಾರು ನೀವ ಏನ್ರಿ? ಅಕ್ಕೋರು ನಮಗ ಕಲಿಸಿದ್ರು. ನಮ್ಮೂರು ಕಾಖಂಡಕಿಯೊಳಗ ಆಡ್ತೀವ್ರಿ. ಬಾವಿ ಇನ್ನೂ ನೀರ ಕೊಡವಲ್ದು.”

“ಏನ್ ಹೇಳೀರಿ ಅದಕ್ಕ?” ಎಂದು ಕೇಳಿದೆ.

ಅವಳ ಗೆಳತಿಯರೂ ಬಂದು ಸುತ್ತ ನಿಂತರು. ಬಹಳ ಹೊತ್ತು ಮಾತಾಡಿದೆ. ಆಮೇಲೆ ನೋಡಿಕೊಂಡರೆ, ನನ್ನ ಕೈಗಳು ಖಾಲಿ ಇದ್ದವು, ಒಂದು ಶೇಂಗಾವೂ ಇರಲಿಲ್ಲ.