ಗಾಡಿ ದಾಟಲಿ

ನನ್ನ ಹತ್ತಿರ ಹಿತ್ತಾಳೆಯದೊಂದು ಬುತ್ತಿ ಡಬ್ಬಿ ಇದೆ, ಮಕ್ಕಳೇ. ನೆಗ್ಗಿದ ಮುಚ್ಚಳವನ್ನು ಎಷ್ಟು ಒತ್ತಿದರೂ ಸರಿಯಾಗಿ ಕೂಡದು. ನಿಮ್ಮಜ್ಜನ ಹಾಗೆ ಅದಕ್ಕೂ ತನ್ನದೇ ಹಟ.

ನಿಮ್ಮಜ್ಜ ಹಿಟ್ನಾಳದ ಕಡೆ ರೈಲ್ವೆ ಗ್ಯಾಂಗಿನಲ್ಲಿದ್ದರು. ಹಳಿಗೆ ಸುತ್ತಿಗೆ ಬಡಿದು, ನಾದ ಕೇಳಿ, ಗಟ್ಟಿಯೋ ಸಡಿಲವೋ ಎಂದು ಹೇಳುವ ಕೆಲಸ. ಮಧ್ಯಾಹ್ನ ನಾನು ಆ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ಒಯ್ಯುವಾಗ ಅದಿರಿನ ಗೂಡ್ಸ್ ಗಾಡಿ ಕಂಡರೆ ಅವರು ಹಳಿಯ ಆಚೆಯಿಂದಲೇ ಕೂಗುತ್ತಿದ್ದರು: "ನಿಂದ್ರು, ಗಾಡಿ ದಾಟಲಿ!" ನಾನು ಸೆರಗು ಬಿಗಿದು, ಹಿಂದೆ ಸರಿದು, ಗಾರ್ಡಿನ ಬೋಗಿ ಮರೆಯಾಗುವ ತನಕ ನಿಲ್ಲುತ್ತಿದ್ದೆ. ರೈಲೆಂದರೆ ಹತ್ತುವುದಲ್ಲ, ದಾರಿ ಬಿಡುವುದು ಎಂದು ಮೈಗೆ ರೂಢಿಯಾಯಿತು. ಆಮೇಲೆ ಮದುವೆಯ ಪಂಕ್ತಿಯಲ್ಲಿ, ನಾಲ್ಕು ಮಂದಿಯ ಮಾತಿನಲ್ಲಿ, ಎಲ್ಲೆಲ್ಲೂ ಹಾಗೆಯೇ ಸರಿದು ನಿಂತೆ.

ಹೋದ ತಿಂಗಳು ನಿಮ್ಮ ಪಟ್ಟಣಕ್ಕೆ ಬಂದಾಗ, ನಿಮ್ಮಲ್ಲಿ ಕಿರಿಯಳಾದ ಶಾರದಾ ಕೊರಳಿಗೆ ಜೋತುಬಿದ್ದಳು: "ಅಜ್ಜಿ, ನಾಳೆ ನೀನ ಬಿಸಿ ರೊಟ್ಟಿ ತರಬೇಕ ನೋಡು. ಊಟದ ಗಂಟಿಗೆ ಸಾಲಿ ಗೇಟಿನ್ಯಾಗ ನಿಂತಿರ್ತೀನಿ." ಒಬ್ಬಳೇ ಎಲ್ಲಿಗೂ ಹೋದವಳಲ್ಲ ನಾನು, ಆದರೂ ಹೂಂ ಎಂದುಬಿಟ್ಟೆ.

ನಿಮ್ಮ ಮನೆಯ ಬಳಿಯಿಂದ ಅವಳ ಶಾಲೆಯ ಕಡೆ ಹೋಗುವ ಪುಟ್ಟ ರೈಲು ಓಡುವುದು ಹಳೆಯ ಗೂಡ್ಸ್ ಹಳಿಯ ಜಾಡಿನಲ್ಲೇ. ಮೂಟೆ ಇಳಿಯುತ್ತಿದ್ದ ಗೋದಾಮೇ ಈಗ ಹಳದಿ ಬಣ್ಣ ಬಳಿದುಕೊಂಡು ನಿಲ್ದಾಣವಾಗಿದೆ. ಮರುದಿನ ಬಿಸಿ ರೊಟ್ಟಿಯ ಡಬ್ಬಿ ಹಿಡಿದು ಅಲ್ಲಿ ನಿಂತೆ. ಗಾಡಿ ಬಂತು, ಬಾಗಿಲು ತೆರೆಯಿತು. ನಾನು ಸೆರಗು ಬಿಗಿದು ಹಿಂದೆ ಸರಿದೆ. ಎರಡನೆಯದಕ್ಕೆ ಮನಸ್ಸು ಮುಂದೆ ಹೋಯಿತು, ಕಾಲು ಮಾತ್ರ ಹಿಂದಕ್ಕೇ.

ಕಸ ಗುಡಿಸುತ್ತಿದ್ದ ಹೆಣ್ಣುಮಗಳೊಬ್ಬಳು ಪೊರಕೆ ಊರಿ ನಿಂತಳು. "ಯಾಕಬೇ ಯವ್ವಾ, ಎರಡು ಗಾಡಿ ಬಿಟ್ಟಿಯಲ್ಲ? ಬೀಗರಂಗ ಕೈ ಹಿಡಿದು ಕರೀಬೇಕೇನು?" ಗಂಗಾವತಿ ಹತ್ತಿರದ ಮರಳಿ ಎಂಬ ಊರಿನವಳಂತೆ, ನಮ್ಮ ಮಾತು ಕೇಳಿ ಜೀವ ಬಂತು.

"ದಾಟಲಿ ಅಂತ ನಿಂತೇನವ್ವಾ."

ಅವಳು ಬಿದ್ದು ಬಿದ್ದು ನಕ್ಕು, ರೊಟ್ಟಿಯ ವಾಸನೆ ಬರುತ್ತಿದ್ದ ಡಬ್ಬಿಯನ್ನು ಮುಟ್ಟಿ ನೋಡಿದಳು. "ಇಲ್ಲೆ ಗೂಡ್ಸ್ ಬರಂಗಿಲ್ಲಬೇ ಈಗ. ಇದು ನಿನ್ನಂಥಾರನ್ನ ಒಯ್ಯಾಕ ಬರೂ ಗಾಡಿ. ರೊಟ್ಟಿ ಆರತಾವ, ಹತ್ತು!"

ಮೂರನೆಯದಕ್ಕೆ ಹತ್ತಿದೆ. ಕಿಟಕಿಯಾಚೆ ಜಾಲಿಗಿಡಗಳು ಹಿಂದೆ ಸರಿದವು. ಈ ಸಲ ಸರಿದವಳು ನಾನಲ್ಲವೆಂದು ಒಬ್ಬಳೇ ನಕ್ಕೆ. ಜೀವಮಾನವೆಲ್ಲ ಮೂಟೆ ಹೊತ್ತ ದಾರಿ ಮುಪ್ಪಿನಲ್ಲಿ ಮನುಷ್ಯರನ್ನು ಹೊರುವುದನ್ನು ಕಲಿತಿರುವಾಗ, ನನ್ನ ಕಲಿಕೆ ತಡವಾಯಿತೆಂದು ಯಾರು ಅಂದಾರು?

ಶಾಲೆಯ ಗೇಟಿನಲ್ಲಿ ಶಾರದಾ ಒಬ್ಬಳೇ ಮುಖ ಊದಿಸಿಕೊಂಡು ನಿಂತಿದ್ದಳು. "ಯಾಕಜ್ಜಿ ತಡಾ?"

"ಎರಡು ಗಾಡಿ ದಾಟಿದ್ವು, ತಾಯಿ."

ರೊಟ್ಟಿ ಇನ್ನೂ ಬೆಚ್ಚಗಿದ್ದವು. ಅವಳು ಒಂದನ್ನೂ ಉಳಿಸಲಿಲ್ಲ.

ಮರಳುವಾಗ ಬಂದ ಮೊದಲ ಗಾಡಿಗೇ ಹತ್ತಿ, ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೆ. ಕೂಡದ ಮುಚ್ಚಳ ದಾರಿಯುದ್ದಕ್ಕೂ ಟಣ್ ಟಣ್ ಎನ್ನುತ್ತಿತ್ತು, ನಿಮ್ಮಜ್ಜ ಹಳಿಗೆ ಸುತ್ತಿಗೆ ಬಡಿದು, ಗಟ್ಟಿ ಐತಿ, ಹೋಗು ಎಂದ ಹಾಗೆ.